ನೂರು ಪೌಂಡಿಗೆ ಎಷ್ಟು

"ನನ್ನ ಅತ್ತೇನ ನಾನೇ ಸುಟ್ಟೆ ಅಂತಾರಮ್ಮ. ಸುಟ್ಟೋರು ಯಾರು ಅಂತ ನೀವು ಹೇಳ್ರಿ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡ್ರಿ, ಬಸ್ಸು ಹೋಗ್ತೈತೆ."

ದುರುಗಕ್ಕ ನ್ಯಾಮತಿಯಲ್ಲಿ ರುದ್ರಾಣಿಯಮ್ಮನ ಮನೆಯ ಜಗಲಿಯ ಮೇಲೆ ಕೂರಲಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ. ಕೊರೊನಾ ಎರಡನೇ ಸಲ ಜೋರಾಗುವ ಮುಂಚಿನ ಮಾತು ಇದು, ಎರಡು ಸಾವಿರದ ಇಪ್ಪತ್ತೊಂದರ ಮಾರ್ಚ್ ತಿಂಗಳು. ಬಿಸಿಲಿಗೆ ಅಂಗಳದ ಕಲ್ಲು ಕಾದಿತ್ತು. ಅವಳು ಬರಿಗಾಲಲ್ಲಿ ಅದೇ ಕಲ್ಲಿನ ಮೇಲೆ ನಿಂತಿದ್ದಳು.

ರುದ್ರಾಣಿಯಮ್ಮ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಜಗಳೂರಿನಲ್ಲಿದ್ದ ಕಾಲದಿಂದ ಅವರ ಜೀಪು ಓಡಿಸಿದವನು ನಾನು, ಬಿಳಿಚೋಡಿನ ಗುರುಸ್ವಾಮಿ. ಅವರು ಕೆಲಸ ಬಿಟ್ಟ ಮೇಲೂ ಜನ ಅವರನ್ನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಜೀಪು ಹೋಗಿ ಹಳೆಯ ಕಾರು ಬಂತು, ಅಷ್ಟೇ ವ್ಯತ್ಯಾಸ.

"ಬಸ್ಸು ಹೋದ್ರೆ ಹೋಗ್ಲಿ. ಗುರುಸ್ವಾಮಿ ಬಿಟ್ಟು ಬರ್ತಾನೆ. ಮೊದಲಿಂದ ಹೇಳು," ಎಂದರು ಅಮ್ಮ.

ಚನ್ನಗಿರಿಯಿಂದ ಉಬ್ರಾಣಿಗೆ ಹೋಗುವ ದಾರಿಯಲ್ಲಿ ಹಕ್ಕಿಪಿಕ್ಕಿಯವರ ಒಂದು ಕ್ಯಾಂಪು. ಬೇರು, ತೊಗಟೆ ಹಾಕಿ ತಲೆಗೂದಲಿನ ಎಣ್ಣೆ ಕಾಯಿಸುತ್ತಾರೆ. ಅದನ್ನು ಹೊತ್ತುಕೊಂಡು ಸುಡಾನ್ ದೇಶದವರೆಗೂ ಹೋಗಿ, ಬೀದಿಯಲ್ಲಿ ಕೂತು ಗಿರಾಕಿಗಳ ತಲೆ ತಿಕ್ಕಿ ಮಾರುತ್ತಾರೆ. ಆ ಕ್ಯಾಂಪಿನಲ್ಲಿ ಎಣ್ಣೆ ಎಂದರೆ ಕರಿಯಕ್ಕ, ದುರುಗಕ್ಕನ ಅತ್ತೆ. ಹಂಡೆ ಒಲೆಯ ಮೇಲೆ ಕೂತರೆ ಅದು ಇಳಿಯುವವರೆಗೂ ಆಕೆ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಜನವರಿಯಲ್ಲಿ ಇಡೀ ಕ್ಯಾಂಪು ಬೇರೆ ಕ್ಯಾಂಪಿನ ಮದುವೆಗೆ ಹೋದಾಗಲೂ ಮುದುಕಿ ಹಂಡೆಯ ಹತ್ತಿರವೇ ಕೂತಳು. ಜೊತೆಗೆ ಉಳಿದವಳು ಸೊಸೆ ಮಾತ್ರ. ಸೊಸೆ ಸೌದೆಗೆ ಹೋಗಿ ಬರುವಷ್ಟರಲ್ಲಿ ಎಣ್ಣೆ ಮನೆ ಉರಿಯುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

"ಚಿಲಕ ತೆಗೆದೋಳು ನಾನೇ. ಕೈ ನೋಡ್ರಿ." ಅವಳ ಎರಡೂ ಅಂಗೈ ಸುಟ್ಟು ಮಾಗಿದ್ದವು. "ಚಿಲಕ ಹಾಕುವಾಗ ಸುಟ್ಕೊಂಡಿದ್ದು ಅಂತ ಪೊಲೀಸ್ನೋರು ಬರ್ಕೊಂಡ್ರು."

ಚಿಲಕ ಹಾಕುವಾಗ ಅದು ತಣ್ಣಗಿರುತ್ತದೆ. ಇಷ್ಟು ತಿಳಿಯಲು ಯಾವ ಶಾಲೆಗೂ ಹೋಗಬೇಕಿಲ್ಲ. ನನಗೆ ಅವತ್ತು ಹತ್ತಿದ ಸಿಟ್ಟು ಈಗ ಬರೆಯುವಾಗಲೂ ಪೂರ್ತಿ ಆರಿಲ್ಲ.

ಅವಳು ಜಾಮೀನಿನ ಮೇಲೆ ಹೊರಗಿದ್ದಳು. ಆದರೆ ಕ್ಯಾಂಪಿನವರು ಮಗಳು ಅಂಬಿಕಾಳನ್ನು ಹಿರಿಯ ಹನುಮಣ್ಣನ ಮನೆಯಲ್ಲಿಟ್ಟುಕೊಂಡಿದ್ದರು. ನಾಡಿದ್ದು ಪಂಚಾಯ್ತಿ. ಮಗಳನ್ನು ಗಂಡ ಮೈಲಾರಿಗೆ ಬಿಟ್ಟು ದುರುಗಕ್ಕ ಕ್ಯಾಂಪಿನಿಂದ ಹೊರಡಬೇಕು ಎಂದು ಆಗಲೇ ಮಾತಾಗಿತ್ತು.

"ನಿನ್ನ ಗಂಡ ಏನಂತಾನೆ?"

"ಸುಡಾನಿನಾಗೆ ಇದ್ದ. ತಾಯಿ ಸತ್ತ ಸುದ್ದಿ ತಿಳಿದಾಗ ನೂರು ಇಪ್ಪತ್ತೈದಿತ್ತು. ಬಂದಾಗ್ಲಿಂದ ನನ್ನ ಮುಖ ನೋಡಿಲ್ಲ."

"ನೂರು ಇಪ್ಪತ್ತೈದು ಅಂದ್ರೆ?"

"ಅಲ್ಲಿನ ನೂರು ಪೌಂಡ್ ಕೊಟ್ರೆ ನಮ್ಮವು ಇಪ್ಪತ್ತೈದು ರೂಪಾಯಿ. ಜನವರಿ ರೀ. ನಮ್ಮೋರು ತಿಂಗಳು ಇಸ್ವಿ ನೆನಪಿಡಲ್ಲ, ದರ ನೆನಪಿಡ್ತಾರೆ. ನನ್ನ ಮದುವೆ ನೂರಕ್ಕೆ ಆರುನೂರು ಇದ್ದಾಗ. ಅಂಬಿಕಾ ಹುಟ್ಟಿದ್ದು ಇನ್ನೂರಕ್ಕೆ ಬಿದ್ದಾಗ. ಕೊರೊನಾ ಬಂದಾಗ ಅರವತ್ತು. ಈಗ ಹತ್ತೊಂಬತ್ತೂ ಇಲ್ಲ."

ಅಮ್ಮ ಒಮ್ಮೆ ನನ್ನ ಕಡೆ ನೋಡಿ ಮತ್ತೆ ಅವಳನ್ನು ಕೇಳಿದರು. "ಮುದುಕಿಗೆ ಯಾರ ಮೇಲಾದ್ರೂ ಸಿಟ್ಟಿತ್ತಾ?"

"ಮದುವೆಯೋರು ವಾಪಸ್ ಬರ್ಲಿ, ಎಲ್ಲರ ಮುಂದೆ ಒಂದು ಮಾತು ಹೇಳೋದೈತೆ ಅಂತಿದ್ಲು. ಏನಂತ ನಂಗೂ ಹೇಳಲಿಲ್ಲ."

ಹೊನ್ನಾಳಿ ದಾಟಿ ನಾವು ಕ್ಯಾಂಪು ಮುಟ್ಟಿದಾಗ ಮಧ್ಯಾಹ್ನ. ಎಣ್ಣೆ ಮನೆಯ ಬೂದಿಯಲ್ಲಿ ದೊಡ್ಡ ತಾಮ್ರದ ಹಂಡೆ ಹಾಗೇ ಬಿದ್ದಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರೊಳಗೆ ಕೈ ಹಾಕಿ ಒರೆಸಿದರು. ಹೊರಗೆಲ್ಲ ಮಸಿ. ಒಳಗೆ ಬರೀ ಬೂದಿ, ಅದರಡಿ ತಾಮ್ರ.

"ಗುರುಸ್ವಾಮಿ, ತುಂಬಿದ ಎಣ್ಣೆ ಹಂಡೆಯಲ್ಲೇ ಸುಟ್ಟಿದ್ದರೆ ಒಳಗೆ ಏನಿರಬೇಕಿತ್ತು?"

"ಡಾಂಬರಿನ ಹಾಗೆ ಕರಕಲು ಹಿಡಿದಿರಬೇಕಿತ್ತಮ್ಮ."

"ಹಿಡಿದಿಲ್ಲ. ಬೆಂಕಿಗೆ ಮೊದಲೇ ಎಣ್ಣೆ ಹೋಗಿದೆ. ಇಷ್ಟು ದೊಡ್ಡ ಹಂಡೆಯ ಎಣ್ಣೆ ಹೊತ್ತೊಯ್ಯಲು ಗಾಡಿ ಬೇಕು."

ಗಾಡಿ ಇದ್ದವನು ಪಕ್ಕದ ತೋಟದ ಗುರುಬಸವರಾಜ್. ಬೇಲಿಯ ವಿಷಯಕ್ಕೆ ಮುದುಕಿಗೂ ಅವನಿಗೂ ದಿನಾ ಜಗಳ. ನಮ್ಮನ್ನು ಕಂಡದ್ದೇ ಕೂಗಾಡಿದ.

"ನಾನ್ಯಾಕ್ರೀ ಸುಡ್ಲಿ? ಆ ಮುದುಕಿ ನನ್ನ ತಲೆಗೂ ಎಣ್ಣೆ ಕೊಡ್ತಿದ್ಲು!" ಎಂದು ಬೋಳು ತಲೆ ಬಗ್ಗಿಸಿ ತೋರಿಸಿದ. "ಏನೂ ಹುಟ್ಟಲಿಲ್ಲ, ಅದು ಬೇರೆ ಮಾತು. ಅವತ್ತು ನನ್ನ ಪಿಕಪ್ಪು ತೋಟದಾಗೆ ಆಕ್ಸಲ್ ಮುರ್ಕೊಂಡು ಮಲಗಿತ್ತು. ಇವ್ರನ್ನ ಕೇಳ್ರಿ."

ಅಡಿಕೆ ಸುಲಿಯುತ್ತಿದ್ದ ಹೆಂಗಸರು ಒಟ್ಟಿಗೇ ಹೌದೆಂದರು. "ಸಾವ್ಕಾರ್ರು ಅದನ್ನ ಒದ್ದು ಕಾಲು ಉಳುಕಿಸ್ಕೊಂಡಿದ್ರು ಕಣಮ್ಮ," ಎಂದು ಒಬ್ಬಳು ನಕ್ಕಳು. ಚನ್ನಗಿರಿಯ ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ.

ಕೊನೆಗೆ ಚನ್ನಗಿರಿಯಲ್ಲೇ ಇದ್ದ ವಿನಯ್ ಕುಮಾರನ ಅಂಗಡಿ. ಕ್ಯಾಂಪಿನವರಿಗೆ ಬಾಟಲಿ, ಲೇಬಲ್ಲು, ವೀಸಾ, ಟಿಕೆಟ್ ಎಲ್ಲ ಮಾಡಿಸಿಕೊಡುವವನು ಅವನೇ. ಕರಿಯಕ್ಕನ ಎಣ್ಣೆಯನ್ನು ಇಲ್ಲೂ ಮಾರುತ್ತಿದ್ದ. ಪ್ರತಿ ಬಾಟಲಿಯ ಮೇಲೂ ಆಕೆಯ ಸುಕ್ಕು ಮುಖ. ಗೋಡೆಗೆ ಅದೇ ಮುಖದ ದೊಡ್ಡ ಪಟ, ಅದಕ್ಕೆ ಹೂವಿನ ಹಾರ.

"ನಮ್ಮ ತಾಯಿ ಇದ್ದಂಗೆ ಮೇಡಂ. ನಾನು ಆಗ ಊರಾಗಿರಲಿಲ್ಲ. ಮೊದಲ್ನೇ ಸಲ ಸುಡಾನಿಗೆ ಹೋಗಿದ್ದೆ. ಜನವರಿ ಪೂರ್ತಿ ಅಲ್ಲೇ. ತಗೊಳ್ರಿ, ಅಲ್ಲಿನ ಖರ್ಜೂರ."

"ಕ್ಯಾಂಪಿನವರು ಯಾರೂ ಸಿಗಲಿಲ್ವಾ ಅಲ್ಲಿ?"

"ಅವ್ರೆಲ್ಲ ದೂರದೂರ ಊರಾಗೆ ಇದ್ರು. ನಾನು ಖಾರ್ತೂಮಿನ ಹೋಟ್ಲಾಗೆ."

ಅಮ್ಮ ಖರ್ಜೂರದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅಲ್ಲಿನ ದುಡ್ಡು ಉಳಿದರೆ ಏನು ಮಾಡ್ತಾರೆ? ನನಗೆ ಇದೆಲ್ಲ ಗೊತ್ತಾಗಲ್ಲ ನೋಡ್ರಿ."

"ಉಳಿದಿತ್ತು ಮೇಡಂ. ಬರುವಾಗ ಬಜಾರಿನಾಗೆ ಕೊಟ್ಟು ರೂಪಾಯಿ ಮಾಡ್ಕೊಂಡು ಬಂದೆ. ನೂರಕ್ಕೆ ಎಷ್ಟು ಬಂತು ಅಂದ್ರೆ..." ಅವನು ಮೊಬೈಲ್ ತೆಗೆದು ಬೆರಳಾಡಿಸಿದ. "ಹಾಂ, ನೂರಾ ಮೂವತ್ತೆರಡು."

ಅಮ್ಮ ಒಂದು ಬಾಟಲಿ ಕೊಂಡು ಕಾರಿಗೆ ಬಂದು ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು. ಮೇಲೆ ಮಲ್ಲಿಗೆಯ ಘಮ. ಅದರ ಹಿಂದೆ, ಜೀಪಿನ ಕೆಳಗೆ ಮಲಗಿ ನಾನು ಆಯುಷ್ಯವಿಡೀ ಕುಡಿದ ವಾಸನೆ.

"ಇದು ತಲೆಗೆ ಹಚ್ಚೋದಲ್ಲಮ್ಮ. ಇಂಜಿನ್ನಿಗೆ ಹಾಕೋದು."

"ಮುದುಕಿ ಎಲ್ಲರ ಮುಂದೆ ಹೇಳಬೇಕೆಂದಿದ್ದ ಮಾತು ಇದೇ," ಎಂದರು ಅಮ್ಮ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಏನನ್ನೋ ಹುಡುಕಿ ಓದುತ್ತಿದ್ದರು.

ಪಂಚಾಯ್ತಿಯ ದಿನ ಬೇವಿನ ಮರದ ಕೆಳಗೆ ಇಡೀ ಕ್ಯಾಂಪು ಸೇರಿತು. ಅಮ್ಮ ಕೇಳಿಕೊಂಡಿದ್ದಕ್ಕೆ ಈ ಕೇಸಿನ ಇನ್ಸ್‌ಪೆಕ್ಟರೂ ಬಂದಿದ್ದರು, ಮನಸ್ಸಿಲ್ಲದ ಮನಸ್ಸಿನಿಂದ. ಗುರುಬಸವರಾಜ್ ಬೇಲಿಗೆ ಒರಗಿದ್ದ. ವಿನಯ್ ಕುಮಾರನಿಗೆ ಕ್ಯಾಂಪಿನವರೇ ಕುರ್ಚಿ ಹಾಕಿ ಕೂರಿಸಿದ್ದರು. ದುರುಗಕ್ಕ ಮಾತ್ರ ದೂರ ನಿಂತಿದ್ದಳು. ಅವಳ ಮಗಳು ಹನುಮಣ್ಣನ ಹೆಂಡತಿಯ ಕೈಯಿಂದ ಬಿಡಿಸಿಕೊಳ್ಳಲು ಕೊಸರಾಡುತ್ತಿದ್ದಳು.

ಅಮ್ಮ ಎದ್ದು ನಿಂತರು. "ಮೈಲಾರಿ, ನಿನ್ನ ತಾಯಿ ತೀರಿಕೊಂಡಾಗ ನೂರಕ್ಕೆ ಎಷ್ಟಿತ್ತಪ್ಪ?"

"ಇಪ್ಪತ್ತೈದು," ಎಂದ ಮೈಲಾರಿ ನೆಲ ನೋಡುತ್ತ.

"ಅಲ್ಲಿದ್ದವರು ಬೇರೆ ಯಾರಾದರೂ?"

"ಇಪ್ಪತ್ತೈದು." "ನಂಗೆ ಇಪ್ಪತ್ತಾರು ಸಿಕ್ತು." "ನಿಂಗೆ ಇಪ್ಪತ್ತಾರಾ? ಸುಳ್ಳು ಬುರುಕ, ಇಪ್ಪತ್ತನಾಲ್ಕೂವರೆ ಅಂತ ಅವತ್ತು ಅತ್ತಿದ್ದೆ!" ಜನ ಸಣ್ಣಗೆ ನಕ್ಕರು.

"ವಿನಯ್ ಕುಮಾರ್, ನಿಮಗೆ ಎಷ್ಟು ಸಿಕ್ತು ಅಂದಿರಿ?"

ಅವನು ಜೇಬಿನಿಂದ ಮೊಬೈಲ್ ತೆಗೆದ. ಅಮ್ಮನೇ ಹೇಳಿದರು. "ಬಜಾರಿನಲ್ಲಿ ನೂರಾ ಮೂವತ್ತೆರಡು. ಗುರುಸ್ವಾಮಿಯ ಎದುರಿಗೇ ಹೇಳಿದಿರಿ."

ನಗು ನಿಂತಿತು. ಹನುಮಣ್ಣ ಕೋಲೂರಿ ಮುಂದೆ ಬಂದ. "ಆ ದರ ನಾವು ಕಂಡು ಎರಡು ವರ್ಷ ಆತು. ಯಾವ ಅಂಗಡೀನಪ್ಪ ಅದು?"

"ಇದ್ರಾಗೈತೆ, ನೋಡ್ರಿ!" ವಿನಯ್ ಮೊಬೈಲ್ ಎತ್ತಿ ಹಿಡಿದ. "ಹಳೇ ದರ ಎಲ್ಲ ಬರ್ತೈತೆ ಇಲ್ಲಿ. ಜನವರಿ, ನೂರಾ ಮೂವತ್ತೆರಡು. ನಾನೇನು ಸುಳ್ಳು ಹೇಳ್ತೀನಾ?"

"ಮೊಬೈಲ್ ಸುಳ್ಳು ಹೇಳ್ತಿಲ್ಲ," ಎಂದರು ಅಮ್ಮ. "ಅದು ಅಲ್ಲಿನ ಸರ್ಕಾರ ಕಾಗದದ ಮೇಲೆ ಇಟ್ಟಿದ್ದ ದರ. ಫೆಬ್ರವರಿ ಕೊನೆಗೆ ಸರ್ಕಾರವೇ ಅದನ್ನು ಕೈಬಿಟ್ಟಿತು. ಆದರೆ ಬಜಾರಿನಲ್ಲಿ ಆ ದರಕ್ಕೆ ಪೌಂಡ್ ಕೊಳ್ಳುವವನು ಒಬ್ಬನೂ ಇರಲಿಲ್ಲ. ಅಲ್ಲಿಗೆ ಹೋಗಿ ಒಂದೇ ಒಂದು ನೋಟು ಬದಲಾಯಿಸಿದ್ದರೂ ನಿಮಗಿದು ಗೊತ್ತಿರುತ್ತಿತ್ತು."

"ನೂರಾ ಮೂವತ್ತು ಕೊಡೋ ಅಂಗಡಿ ಇದ್ದಿದ್ರೆ ನಾವ್ಯಾಕೋ ಬಿಸಿಲಾಗೆ ಕೂತು ಕಂಡೋರ ತಲೆ ತಿಕ್ತಿದ್ವಿ?" ಮೈಲಾರಿ ಮೊದಲ ಸಲ ತಲೆ ಎತ್ತಿದ್ದ.

ಅಮ್ಮನ ದನಿ ಏರಲಿಲ್ಲ. ಸಿಟ್ಟು ಹೆಚ್ಚಿದಷ್ಟೂ ಅವರ ದನಿ ತಗ್ಗುವುದನ್ನು ನಾನು ಬಲ್ಲೆ. ಒಂದೊಂದೇ ಬಿಡಿಸಿ ಹೇಳಿದರು. ಹಂಡೆಯೊಳಗೆ ಕರಕಲಿಲ್ಲ, ಎಂದರೆ ಬೆಂಕಿಗೆ ಮೊದಲೇ ಎಣ್ಣೆಯನ್ನು ಗಾಡಿಯಲ್ಲಿ ಸಾಗಿಸಿದ್ದಾರೆ. ದುರುಗಕ್ಕನಿಗೆ ಗಾಡಿಯಿಲ್ಲ, ತನ್ನ ಮನೆಯ ಎಣ್ಣೆ ಕದಿಯುವ ಅಗತ್ಯವೂ ಇಲ್ಲ. ಗುರುಬಸವರಾಜನ ಗಾಡಿ ಕೆಟ್ಟು ನಿಂತಿತ್ತು. ವಿನಯ್ ಕುಮಾರ್ ಮುದುಕಿಯ ಮುಖ ಅಂಟಿಸಿ ಇಂಜಿನ್ ಎಣ್ಣೆ ಬೆರೆಸಿ ಮಾರುತ್ತಿದ್ದ. ಅದು ಮುದುಕಿಗೆ ತಿಳಿಯಿತು. ಮದುವೆಯವರು ಮರಳಿದರೆ ಎಲ್ಲ ಕ್ಯಾಂಪುಗಳಿಗೂ ತಿಳಿಯುತ್ತಿತ್ತು. ಸುಡಾನಿಗೆ ಹೋಗುತ್ತೇನೆಂದು ಸಾರಿ ಊರು ಬಿಟ್ಟವನು ದೇಶವನ್ನೇ ಬಿಡಲಿಲ್ಲ. ಎಲ್ಲರೂ ಮದುವೆಗೆ, ಸೊಸೆ ಸೌದೆಗೆ ಹೋಗುವುದನ್ನು ಕಾದು ಬಂದ. ಆಕೆಯನ್ನು ಒಳಗೆ ನೂಕಿ ಚಿಲಕ ಹಾಕಿದ. ಸುಡುವ ಮುಂಚೆ ಒಳ್ಳೆಯ ಎಣ್ಣೆಯನ್ನು ಮಾತ್ರ ಬಿಡಲಿಲ್ಲ.

"ಹುಚ್ಚು ಕತೆ!" ವಿನಯ್ ಕುರ್ಚಿ ಬಿಟ್ಟು ಎದ್ದ. "ಸಾರ್, ಈ ಕ್ಯಾಂಪಿನೋರ ಬಾಯಿಲೆಕ್ಕ ನಂಬ್ತೀರಾ ನೀವು?"

"ಪಾಸ್‌ಪೋರ್ಟ್ ಕೊಡ್ರಿ," ಎಂದರು ಇನ್ಸ್‌ಪೆಕ್ಟರು.

"ಅದು... ವೀಸಾ ಆಫೀಸಿನಾಗೈತೆ."

ಪೇದೆಗಳು ಚನ್ನಗಿರಿಗೆ ಹೋದರು. ಅಂಗಡಿಯ ಮೇಜಿನಲ್ಲೇ ಪಾಸ್‌ಪೋರ್ಟ್ ಸಿಕ್ಕಿತು. ಅದರಲ್ಲಿ ಒಂದೂ ಮುದ್ರೆ ಇರಲಿಲ್ಲ. ಗೋದಾಮಿನ ಮೂಲೆಯಲ್ಲಿದ್ದ ಎಣ್ಣೆ ಕ್ಯಾನುಗಳನ್ನೂ ಬೇವಿನ ಮರದ ಕೆಳಗೆ ತಂದಿಟ್ಟರು. ಕರಿಯಕ್ಕ ಕ್ಯಾನಿನ ಬಾಯಿಗೆ ತನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟುವವಳು. ಆ ಹಸಿರು ಅಂಚನ್ನು ಕಂಡು ಮೈಲಾರಿ ಕ್ಯಾನನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಅವನ ಸುತ್ತ ಜನ ಎದ್ದು ವಿನಯನ ಮೇಲೆ ನುಗ್ಗಿದರು. ಪೇದೆಗಳು ಅವನನ್ನು ಜೀಪಿನೊಳಗೆ ತಳ್ಳಿ ಬಾಗಿಲು ಹಾಕಿದರು.

"ಇಷ್ಟು ದಿನ ಆ ಪಾಸ್‌ಪೋರ್ಟ್ ನೀವು ಯಾಕೆ ಕೇಳಲಿಲ್ಲ?" ಅಮ್ಮ ಇನ್ಸ್‌ಪೆಕ್ಟರನ್ನು ಕೇಳಿದರು.

"ಮರ್ಯಾದಸ್ಥರು ಅಂತ..." ಎಂದು ಅವರು ನಿಲ್ಲಿಸಿದರು.

"ಆಕೆಯ ಕೈ ನೋಡಿದ್ರಲ್ಲ. ಅದರಲ್ಲಿ ಮರ್ಯಾದೆ ಕಾಣಲಿಲ್ವಾ?"

ಅವರು ಟೊಪ್ಪಿಗೆ ಸರಿಮಾಡಿಕೊಂಡರು.

ಅಂಬಿಕಾ ಆಗಲೇ ಕೈ ಕಚ್ಚಿ ಬಿಡಿಸಿಕೊಂಡು ತಾಯಿಯ ಹತ್ತಿರ ಓಡಿದ್ದಳು. ಹನುಮಣ್ಣ ಕೋಲೂರಿಕೊಂಡು ಹತ್ತಿರ ಬಂದು, "ತಪ್ಪಾತವ್ವ. ಬಾ, ಕೂತ್ಕೋ," ಎಂದ. ಮೈಲಾರಿ ಹೆಂಡತಿಯ ಹೆಸರು ಕರೆದ. ದುರುಗಕ್ಕ ಮಗಳ ಕೆದರಿದ ಜಡೆಯನ್ನು ಬಿಚ್ಚಿ, ಸುಟ್ಟ ಬೆರಳುಗಳಲ್ಲೇ ನಿಧಾನವಾಗಿ ಮತ್ತೆ ಹೆಣೆಯತೊಡಗಿದಳು.

ಇನ್ಸ್‌ಪೆಕ್ಟರು ಅವಳ ಹತ್ತಿರ ಬಂದರು. "ಆಯ್ತಮ್ಮ. ಇನ್ನು ನೀನು ಹೋಗಬಹುದು."

ಅವಳು ಜಡೆಯಿಂದ ಕಣ್ಣು ತೆಗೆಯಲಿಲ್ಲ.

"ನಾನೆಲ್ಲಿಗ್ರೀ ಹೋಗ್ಲಿ? ಇದು ನನ್ನ ಮನೆ. ಹೋಗೋರು ನೀವು."