ಅಮ್ಮನಿಗೆ ಇಲ್ಲದ ಕಾಯಿಲೆ

“ಈ ಕಾಫೀನೂ ವಾಪಸ್ ತಗೊಂಡು ಹೋಗ್ಬೇಕೇನವ್ವ?”

ಹಿಂದಿನ ಬಾಗಿಲಲ್ಲಿ ಪಕ್ಕದ ಮನೆಯ ಬಸಮ್ಮಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಸ್ಟೀಲ್ ಲೋಟ, ಅದರ ತುಂಬ ನೊರೆ ನೊರೆ ಕಾಫಿ. ಇನ್ನೊಂದು ಕೈ ಸೊಂಟದ ಮೇಲೆ.

ಚಿತ್ರಾ ಆಗಷ್ಟೇ ಸ್ಕೂಲಿನಿಂದ ಬಂದಿದ್ದಳು. ಬೆನ್ನ ಮೇಲಿನ ಬ್ಯಾಗ್ ಕೂಡ ಇಳಿಸಿರಲಿಲ್ಲ. “ಅಮ್ಮ ಫ್ಲೋರ್ ಮಿಲ್ಲಿಗೆ ಹೋಗಿದ್ದಾರೆ ಅಜ್ಜಿ,” ಎಂದಳು.

“ಇದ್ದಾಗ್ಲಾದ್ರೂ ಎಲ್ಲಿ ಕುಡೀತಾಳೆ? ‘ಅಭ್ಯಾಸ ಇಲ್ಲ ಬಸಮ್ಮನೋರೆ’ ಅಂತ ನಗ್ತಾಳೆ. ಕಾಫಿ ಅಭ್ಯಾಸ ಇಲ್ದಿರೋರು ಯಾರವ್ವ ಅವರೆ ಈ ಅರಸೀಕೆರೇಲಿ? ಗೆಂಡೆಹಳ್ಳಿಯಿಂದ ನನ್ನ ತಂಗಿ ಬೀಜ ಕಳಿಸ್ತಾಳೆ. ನಾನೇ ಹುರಿದು, ನಾನೇ ಪುಡಿ ಮಾಡೋದು. ನಿಜ ಹೇಳು, ನಮ್ಮನೆ ಕಾಫಿ ನಿಮಗೆ ಆಗಲ್ವಾ, ಇಲ್ಲ ನಾವೇ ಆಗಲ್ವಾ?”

ಅಜ್ಜಿಯ ಮುಖ ಸಣ್ಣದಾಗಿತ್ತು.

ಏನು ಹೇಳಬೇಕೆಂದು ಚಿತ್ರಾಗೆ ಗೊತ್ತಿತ್ತು. ‘ನಾವು ಮಾರ್ಮನ್ನರು ಅಜ್ಜಿ. ನಮ್ಮ ಚರ್ಚಿನವರು ಕಾಫಿ, ಟೀ ಕುಡಿಯುವುದಿಲ್ಲ.’ ಇಷ್ಟೇ. ಬೆಂಗಳೂರಿನಲ್ಲಿದ್ದಾಗ ಎಷ್ಟೋ ಸಲ ಹೇಳಿದ್ದಳು. ಆದರೆ ಇವತ್ತು ಹೇಳಲು ಮನಸ್ಸು ಬರಲಿಲ್ಲ.

ಯಾಕೆಂದರೆ ಇವತ್ತೇ ಮಧ್ಯಾಹ್ನ, ಊಟದ ಬೆಲ್ ಆದಮೇಲೆ, ಬಸಮ್ಮಜ್ಜಿಯ ಮೊಮ್ಮಗ ಚನ್ನೇಶ್ ಇಡೀ ಕ್ಲಾಸಿನ ಮುಂದೆ ಕೇಳಿದ್ದ: “ಚಿತ್ರಾ, ನಿಮ್ಮಪ್ಪಂಗೆ ಎಷ್ಟು ಜನ ಹೆಂಡ್ತೀರು?”

“ಒಬ್ಬರೇ. ಯಾಕೆ?”

“ಸುಳ್ಳು! ನಮ್ಮ ಮಾವ ಹೇಳಿದ್ರು. ಮಾರ್ಮನ್ನರಿಗೆ ನಾಲ್ಕು ನಾಲ್ಕು ಹೆಂಡ್ತೀರಂತೆ. ಉಳಿದೋರ್ನ ಬೆಂಗಳೂರಲ್ಲಿ ಬಿಟ್ಟು ಬಂದಿದೀರಾ?”

ಎಲ್ಲರೂ ನಕ್ಕಿದ್ದರು. “ಅದು ಯಾವುದೋ ಕಾಲದ್ದು ಕಣೋ! ಈಗ ಹಂಗೆ ಮಾಡಿದ್ರೆ ಚರ್ಚಿಂದಾನೇ ಹೊರಗೆ ಹಾಕ್ತಾರೆ!” ಎಂದು ಚಿತ್ರಾ ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಹಿಂದಿನ ಶನಿವಾರ. ಬೆಂಗಳೂರಿನಿಂದ, ಚರ್ಚಿನ ಸೇವೆಗೆಂದು ಊರೂರು ತಿರುಗುವ ಇಬ್ಬರು ಹುಡುಗರು ಟ್ರೈನಿನಲ್ಲಿ ಅವರ ಮನೆಗೆ ಬಂದಿದ್ದರು. ಒಬ್ಬ ಅಮೆರಿಕದವನು, ಇನ್ನೊಬ್ಬ ರಾಜಮಂಡ್ರಿಯವನು. ಇಬ್ಬರಿಗೂ ಬಿಳಿ ಶರ್ಟು, ಟೈ, ಜೇಬಿನ ಮೇಲೆ ಕಪ್ಪು ನೇಮ್ ಪ್ಲೇಟು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನೋಡಿತ್ತು.

ಅಂಗಡಿ ಏಕಾಂತಯ್ಯನವರು ಅವರನ್ನು ಔಷಧಿ ಕಂಪನಿಯವರು ಅಂದುಕೊಂಡು, ಕೆಮ್ಮಿಗೆ ಸ್ಯಾಂಪಲ್ ಇದೆಯಾ ಎಂದು ಕೇಳಿದ್ದರು. ಚನ್ನೇಶನ ಮಾವ, “ಅಮೆರಿಕದ ದುಡ್ಡು ತಗೊಂಡು ಜನರನ್ನ ಮತಾಂತರ ಮಾಡೋಕೆ ಬಂದವರೆ,” ಎಂದಿದ್ದರು. ಅನುಸೂಯಮ್ಮ ಮಿಸ್ ಮಾತ್ರ ಕ್ಲಾಸಿನಲ್ಲಿ ಹೊಗಳಿದ್ದರು. “ಬೀಡಿ ಸಿಗರೇಟು ಮುಟ್ಟಲ್ವಂತೆ, ಕುಡಿಯಲ್ವಂತೆ. ಎಂಥ ಶಿಸ್ತಿನ ಜನ! ಚಿತ್ರಾ ಮನೆಯವರನ್ನ ನೋಡಿ ಕಲೀರಿ.” ಅದೂ ಚಿತ್ರಾಗೆ ಹಿಡಿಸಿರಲಿಲ್ಲ. ಬೈದರೂ, ಹೊಗಳಿದರೂ ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಿದ್ದರಲ್ಲ!

ಅವಳಪ್ಪ ಲಕ್ಷ್ಮೀಶ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತಿದ್ದರು. ಸೈಕಲ್ ತುಳಿದುಕೊಂಡು ಡ್ಯೂಟಿಗೆ ಹೋಗಿ ಬರುತ್ತಿದ್ದರು. ಎಲ್ಲರ ಅಪ್ಪನ ಹಾಗೆ ಅವರೂ ಒಬ್ಬ ಅಪ್ಪ. ಅಷ್ಟೇ ಅಂತ ಇವರೆಲ್ಲ ಯಾಕೆ ಅಂದುಕೊಳ್ಳಬಾರದು?

“ಮಾತಾಡೇ,” ಎಂದರು ಬಸಮ್ಮಜ್ಜಿ.

“ಅಮ್ಮನಿಗೆ... ಹೊಟ್ಟೇಲಿ ಹುಣ್ಣು ಅಜ್ಜಿ,” ಎಂದಳು ಚಿತ್ರಾ. “ಕಾಫಿ ಕುಡಿದ್ರೆ ಉರಿಯತ್ತೆ. ಡಾಕ್ಟರ್ ಬೇಡ ಅಂದಿದ್ದಾರೆ. ನಾನು ಹೇಳ್ದೆ ಅಂತ ಅಮ್ಮನ ಹತ್ರ ಹೇಳ್ಬೇಡಿ.”

ಸೊಂಟದ ಮೇಲಿದ್ದ ಅಜ್ಜಿಯ ಕೈ ಕೆಳಗಿಳಿಯಿತು. “ಅಯ್ಯೋ ಶಿವನೇ! ಇಷ್ಟು ಚಿಕ್ಕ ವಯಸ್ಸಿಗಾ? ಆ ತಾಯಿ ಬಗ್ಗೆ ನಾನು ಏನೇನೋ ಅಂದ್ಕೊಂಡ್ನಲ್ಲ!”

ಚಿತ್ರಾಗೆ ಹಗುರಾಯಿತು. ಹುಣ್ಣು ಅಂದರೆ ಯಾರೂ ನಗುವುದಿಲ್ಲ.

ಮಾರನೇ ದಿನದಿಂದ ಹಿಂದಿನ ಬಾಗಿಲಿಗೆ ಕಾಫಿ ಬರುವುದು ನಿಂತಿತು. ಎಳನೀರು ಬರತೊಡಗಿತು. ಬಸಮ್ಮಜ್ಜಿಯ ಮಗ ಗಂಗಾಧರಪ್ಪನವರದು ಕೊಬ್ಬರಿ ವ್ಯಾಪಾರ, ಊರಾಚೆ ತೆಂಗಿನ ತೋಟ. ಚಿತ್ರಾ ಮನೆಯವರು ಬಾಡಿಗೆಗಿದ್ದ ಮನೆಯೂ ಅವರದೇ. ಮನೆಯಲ್ಲಿ ಮೊಟ್ಟೆ ಮಾಂಸ ಮಾಡಬಾರದು ಎಂದು ಅವರು ಹೇಳಿದಾಗ ಅಪ್ಪ ಒಂದು ಮಾತೂ ಆಡದೆ ಒಪ್ಪಿಕೊಂಡಿದ್ದರು.

“ಎಷ್ಟು ಒಳ್ಳೆಯವರು ನೋಡು,” ಎನ್ನುತ್ತಿದ್ದರು ಅಮ್ಮ, ಎಳನೀರು ಬಗ್ಗಿಸಿಕೊಳ್ಳುತ್ತ. “ಕಾಫಿ ಬೇಡ ಅಂದಿದ್ದಕ್ಕೆ ಬೇಜಾರಾಗಿದ್ದಾರೇನೋ ಅಂದ್ಕೊಂಡಿದ್ದೆ.”

ಚಿತ್ರಾ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ಬೆಳಗ್ಗೆ ಅಜ್ಜಿ ಅವಳನ್ನು ಗುಟ್ಟಾಗಿ ಕರೆದು ಒಂದು ಲೋಟ ಕೊಟ್ಟರು. “ಬೂದುಗುಂಬಳಕಾಯಿ ರಸ. ಬರೀ ಹೊಟ್ಟೇಲಿ ಕುಡಿಸು. ಹುಣ್ಣಿಗೆ ಭಾಳ ಒಳ್ಳೇದು.” ಅವರೇ ತುರಿದು ಹಿಂಡಿದ್ದು. ಅಂಗೈಯೆಲ್ಲ ಕೆಂಪಾಗಿತ್ತು. ಅದನ್ನು ಚೆಲ್ಲಲು ಚಿತ್ರಾಗೆ ಮನಸ್ಸಾಗಲಿಲ್ಲ. ಬಚ್ಚಲು ಮನೆಯ ಹಿಂದೆ ನಿಂತು, ಮೂಗು ಹಿಡಿದುಕೊಂಡು ತಾನೇ ಕುಡಿದಳು.

ಅಷ್ಟರಲ್ಲಿ ತಿಂಗಳ ಮೊದಲನೇ ಭಾನುವಾರ ಬಂತು. ಅವತ್ತು ಅವರ ಮನೆಯಲ್ಲಿ ಉಪವಾಸ. ಆ ಊಟದ ಖರ್ಚು ಇಲ್ಲದವರಿಗೆ ಹೋಗಲಿ ಎಂಬುದು ಚರ್ಚಿನ ಪದ್ಧತಿ. ಅಪ್ಪ ಅಮ್ಮ ಮನೆಯಲ್ಲೇ ಹಾಡು ಹೇಳಿ, ಪ್ರಾರ್ಥನೆ ಮಾಡಿದರು. ಹನ್ನೆರಡು ಗಂಟೆಯಾದರೂ ಕುಕ್ಕರ್ ಕೂಗಲಿಲ್ಲ.

ಕಾಂಪೌಂಡ್ ಗೋಡೆಯ ಆಚೆಯಿಂದ ಬಸಮ್ಮಜ್ಜಿ ಕೇಳಿದರು. “ಚಿತ್ರಾ, ಅಮ್ಮ ಏನು ತಿಂದ್ಳೇ?”

“ಏನೂ ತಿಂದಿಲ್ಲ ಅಜ್ಜಿ.”

“ನೀರಾದ್ರೂ?”

“ನೀರೂ ಕುಡಿದಿಲ್ಲ.”

ಅದು ನಿಜವೇ ಆಗಿತ್ತು. ಅಜ್ಜಿ ದಡಬಡನೆ ಒಳಗೆ ಹೋದರು.

ಗುರುವಾರ ಸ್ಕೂಲ್ ಬಿಟ್ಟಾಗ ಗೇಟಿನ ಹತ್ತಿರ ಚನ್ನೇಶ್ ಕಾಯುತ್ತಿದ್ದ. ಮತ್ತೆ ರೇಗಿಸಲು ಬಂದ ಎಂದು ಚಿತ್ರಾ ಬಿರಬಿರನೆ ನಡೆದಳು. ಅವನು ಓಡಿಬಂದು ಅಡ್ಡ ನಿಂತ.

“ಸಾರಿ ಕಣೇ,” ಎಂದ. “ಅವತ್ತು ಹಂಗೆ ಅನ್ಬಾರ್ದಿತ್ತು. ನಿಮ್ಮಮ್ಮಂಗೆ ಅಷ್ಟು ಸೀರಿಯಸ್ ಅಂತ ನಂಗೆ ಗೊತ್ತಿರ್ಲಿಲ್ಲ.”

ಚಿತ್ರಾ ಅವನ ಮುಖ ನೋಡಿದಳು. “ಯಾರು ಹೇಳಿದ್ದು?”

“ನಮ್ಮಜ್ಜಿ. ಭಾನುವಾರದಿಂದ ಅಜ್ಜಿ ಕಾಫೀನೇ ಬಿಟ್ಟೈತೆ ಗೊತ್ತಾ? ಜೇನುಕಲ್ ಸಿದ್ಧೇಶ್ವರ ಸ್ವಾಮಿಗೆ ಹೇಳ್ಕೊಂಡೈತೆ, ನಿಮ್ಮಮ್ಮಂಗೆ ವಾಸಿ ಆಗೋವರೆಗೂ ಒಂದು ಗುಟುಕೂ ಮುಟ್ಟಲ್ಲ ಅಂತ. ತಲೆನೋವು ತಡೀಲಾರ್ದೆ ಮಲಗ್ಬಿಟ್ಟೈತೆ. ಅಪ್ಪ ಬೈದ್ರೂ ಕೇಳ್ತಿಲ್ಲ.” ಅವನು ಜೇಬಿನಿಂದ ಒಂದು ಕೊಬ್ಬರಿ ಮಿಠಾಯಿ ತೆಗೆದು ಅವಳ ಕೈಗಿಟ್ಟ. “ನಿಮ್ಮಮ್ಮಂಗೆ ಏನೂ ಆಗಲ್ಲ ಬಿಡು.”

ಚಿತ್ರಾ ಮಿಠಾಯಿಯನ್ನು ಬ್ಯಾಗಿನೊಳಗೆ ತುರುಕಿದಳು. ಅವನು ನಕ್ಕಿದ್ದರೇ ಚೆನ್ನಾಗಿತ್ತು.

ಬಸಮ್ಮಜ್ಜಿ ಜಗಲಿಯ ಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ದಾರಿಯುದ್ದಕ್ಕೂ ಚಿತ್ರಾ ಒಂದೇ ಯೋಚನೆ ಮಾಡಿದ್ದಳು. ನಿಜ ಹೇಳಲು ಧೈರ್ಯವಿಲ್ಲ. ಕಾಯಿಲೆಯನ್ನೇ ಮುಗಿಸಿಬಿಟ್ಟರೆ?

“ಅಜ್ಜಿ, ಅಮ್ಮನಿಗೆ ವಾಸಿ ಆಯ್ತು! ಡಾಕ್ಟರ್ ಪೂರ್ತಿ ವಾಸಿ ಅಂದ್ರು! ನೀವಿನ್ನು ಕಾಫಿ ಕುಡೀರಿ.”

ಅಜ್ಜಿ ಎದ್ದು ಕೂತರು. ಚಿತ್ರಾಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. “ಸ್ವಾಮಿ ಕಣ್ಣು ಬಿಟ್ಟ,” ಎಂದರು. ಚಿತ್ರಾಳ ಬೆರಳುಗಳು ಒದ್ದೆಯಾದವು. ಅವಳು ಕೈ ಬಿಡಿಸಿಕೊಂಡು ಮನೆಗೆ ಓಡಿದಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಮುಂದಿನ ಬಾಗಿಲಲ್ಲಿ ಬಸಮ್ಮಜ್ಜಿಯ ದನಿ ಕೇಳಿತು. ತಲೆಯ ಬಟ್ಟೆ ಬಿಚ್ಚಿ, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಬಂದಿದ್ದರು. ಕೈಯಲ್ಲಿ ತಟ್ಟೆ, ಅದರಲ್ಲಿ ಎರಡು ಲೋಟ ಕಾಫಿ.

“ಮಂಜುಳಾ, ತಗೋಳವ್ವ,” ಎಂದರು ಅಮ್ಮನಿಗೆ. “ಇವತ್ತು ಬೇಡ ಅನ್ನಂಗಿಲ್ಲ. ಮೊದಲು ನೀನು ಒಂದು ಗುಟುಕು ಕುಡಿ. ಆಮೇಲೇ ನಾನು ಕುಡಿಯೋದು.”

ಅಮ್ಮನಿಗೆ ಅರ್ಥವಾಗಲಿಲ್ಲ. “ಏನು ವಿಶೇಷ ಬಸಮ್ಮನೋರೆ?”

“ಇನ್ನೂ ಯಾಕೆ ಮುಚ್ಚಿಡ್ತೀಯ? ಹೊಟ್ಟೆ ಹುಣ್ಣು ಪೂರ್ತಿ ವಾಸಿ ಆಯ್ತಂತಲ್ಲ! ನಾನು ಸ್ವಾಮಿಗೆ ಹೇಳ್ಕೊಂಡಿದ್ದು ಸುಳ್ಳಾಗ್ಲಿಲ್ಲ.”

ಅಮ್ಮ ಅಜ್ಜಿಯನ್ನು ನೋಡಿದರು. ಲೋಟಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ, ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದ ಚಿತ್ರಾಳನ್ನು ನೋಡಿದರು.

ಅಮ್ಮ ಸುಮ್ಮನೆ ಒಂದು ಗುಟುಕು ಕುಡಿದುಬಿಡಲಿ ಎಂದು ಚಿತ್ರಾ ಬೇಡಿಕೊಂಡಳು. ಹಾಗೆ ಬೇಡಿಕೊಂಡಿದ್ದಕ್ಕೆ ಅವಳಿಗೇ ಅಸಹ್ಯವಾಯಿತು.

“ನನಗೆ ಯಾವ ಕಾಯಿಲೇನೂ ಇರ್ಲಿಲ್ಲ ಬಸಮ್ಮನೋರೆ,” ಎಂದರು ಅಮ್ಮ ಮೆಲ್ಲಗೆ. “ನಾವು ಮಾರ್ಮನ್ನರು. ನಮ್ಮ ಚರ್ಚಿನಲ್ಲಿ ಕಾಫಿ, ಟೀ ಬಿಟ್ಟಿರ್ತೀವಿ. ನಿಮ್ಮನೇದು ಅಂತಲ್ಲ, ಯಾರ ಮನೇಲೂ ಕುಡಿಯಲ್ಲ.”

“ಮತ್ತೆ ಭಾನುವಾರ ನೀರೂ ಕುಡಿದಿರ್ಲಿಲ್ಲ...”

“ಅವತ್ತು ಉಪವಾಸ.”

ಚಿತ್ರಾ ಬಾಗಿಲ ಹಿಂದಿನಿಂದ ಬಂದಳು. “ನಾನೇ ಸುಳ್ಳು ಹೇಳಿದ್ದು ಅಜ್ಜಿ. ಎರಡು ಸಲಾನೂ.”

ಬಸಮ್ಮಜ್ಜಿ ಬೈಯಲಿಲ್ಲ. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ಇಲ್ಲದ ಕಾಯಿಲೆಗೆ ಸ್ವಾಮಿ ಮುಂದೆ ಅತ್ತೆನಲ್ಲೇ,” ಎಂದಷ್ಟೇ ಹೇಳಿ ಹೊರಟುಹೋದರು. ಕಾಫಿ ಅಲ್ಲೇ ಉಳಿಯಿತು.

ಲೋಟಗಳನ್ನು ತೊಳೆಯುತ್ತ ಅಮ್ಮ ಕೇಳಿದರು. “ಹುಣ್ಣು ಅಂತ ಹೇಳೋಕೆ ನಾಚಿಕೆ ಆಗ್ಲಿಲ್ಲ. ನಾವು ಯಾರು ಅಂತ ಹೇಳೋಕೆ ನಾಚಿಕೆ ಆಯ್ತಾ?”

ಅಮ್ಮನ ಕಣ್ಣು ಕೆಂಪಾಗಿತ್ತು. “ನಾನೂ ಅಭ್ಯಾಸ ಇಲ್ಲ ಅಂತ ನಕ್ಕು ಜಾರ್ಕೊಂಡೆ, ಅಲ್ವಾ?” ಎಂದು ಅಮ್ಮ ತಮಗೇ ಹೇಳಿಕೊಂಡರು.

ಮಾರನೇ ದಿನ ಕ್ಲಾಸಿನಲ್ಲಿ ಚನ್ನೇಶ್ ಬೇರೆ ಬೆಂಚಿಗೆ ಹೋಗಿ ಕೂತ. “ನಿಮ್ಮಮ್ಮ ಸತ್ತೇ ಹೋಗ್ತಾರೆ ಅಂತ ಹೆದರಿದ್ದೆ ಕಣೇ ನಾನು,” ಎಂದ. ಆದರೆ ಅವಳ ಬಗ್ಗೆ ಯಾರ ಹತ್ತಿರವೂ ಏನೂ ಹೇಳಲಿಲ್ಲ.

ಅಜ್ಜಿ ಇನ್ನೂ ಕಾಫಿ ಮುಟ್ಟಿಲ್ಲ ಎಂದು ಅಮ್ಮನಿಗೆ ಗೊತ್ತಾಗಿತ್ತು. ಹೇಳಿಕೊಂಡ ಹರಕೆಯನ್ನು ಸ್ವಾಮಿಯ ಗುಡಿಯಿರುವ ಜೇನುಕಲ್ ಬೆಟ್ಟಕ್ಕೆ ಹೋಗಿಯೇ ಬಿಡಿಸಿಕೊಂಡು ಬರಬೇಕಂತೆ. ಶನಿವಾರ ಹುಣ್ಣಿಮೆ, ಜನ ಬೆಟ್ಟಕ್ಕೆ ಹೋಗುವ ದಿನ. ಸ್ಕೂಲ್ ಅರ್ಧ ದಿನ. ಚಿತ್ರಾ ಬ್ಯಾಗ್ ಇಟ್ಟವಳೇ ಅಮ್ಮನನ್ನು ಕೇಳಿ, ಜಗಲಿಯ ಹತ್ತಿರ ಹೋಗಿ ನಿಂತಳು. ಅಜ್ಜಿ ಕಾಯಿ, ಬಾಳೆಹಣ್ಣು ಕೈಚೀಲಕ್ಕೆ ತುಂಬುತ್ತಿದ್ದರು.

“ನಾನೂ ಬರ್ಲಾ ಅಜ್ಜಿ? ಬ್ಯಾಗ್ ಹಿಡ್ಕೋತೀನಿ.”

ಅಜ್ಜಿ ಕೈಚೀಲವನ್ನು ಅವಳ ಕಡೆ ಸರಿಸಿದರು.

ಬಸ್ಸು ಅರ್ಧ ದಾರಿ ದಾಟಿತು. ಆಮೇಲೆ ಅಜ್ಜಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು. “ಏನದು ನಿಮ್ಮಮ್ಮ ಅಂದಿದ್ದು? ಮಾರಮ್ಮನೋರು ಅಂತಾನಾ?”

ಮುಂದಿನ ಸೀಟಿನವರು ತಿರುಗಿ ನೋಡಿದರು. ಚಿತ್ರಾಳ ಕಿವಿ ಬಿಸಿಯಾಯಿತು.

“ಮಾರಮ್ಮ ಅಲ್ಲ ಅಜ್ಜಿ. ಮಾರ್ಮನ್,” ಎಂದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಬಂತು ಮಾತು.

“ಏನೋ ಒಂದು. ಎಷ್ಟು ದಿನ ಅಂತ ಬಿಡ್ತೀರಿ ಕಾಫಿ?”

“ಯಾವಾಗ್ಲೂ.”

“ಯಾವಾಗ್ಲೂನಾ!” ಅಜ್ಜಿ ಈಗ ಅವಳ ಕಡೆ ತಿರುಗಿದರು. “ನಂಗೆ ಎರಡೇ ದಿನಕ್ಕೆ ತಲೆ ಸಿಡಿದುಹೋಯ್ತಲ್ಲೇ!”

ಚಿತ್ರಾಗೆ ನಗು ಬರುವಂತಾಯಿತು. ಆದರೆ ಅಜ್ಜಿ ನಗಲಿಲ್ಲ.

ಬೆಟ್ಟದ ಮೆಟ್ಟಿಲುಗಳನ್ನು ಅಜ್ಜಿ ಮಂಡಿ ಹಿಡಿದುಕೊಂಡು, ಕೂತು ಎದ್ದು ಹತ್ತಿದರು. ಮೇಲೆ ಗುಡಿಯ ಮುಂದೆ ಚಪ್ಪಲಿ ಬಿಟ್ಟು, “ಒಳಗೆ ಬರೋದಾದ್ರೆ ಬಾ. ಇಲ್ದಿದ್ರೆ ಇಲ್ಲೇ ನಿಂತಿರು,” ಎಂದರು. ಚಿತ್ರಾ ಚಪ್ಪಲಿಗಳ ಹತ್ತಿರ ನಿಂತಳು.

ಬಾಗಿಲಿನಿಂದ ಅಜ್ಜಿ ಕಾಣುತ್ತಿದ್ದರು. ಕಣ್ಣು ಮುಚ್ಚಿದ್ದರು, ತುಟಿ ಅಲ್ಲಾಡುತ್ತಿತ್ತು. ಗಲಾಟೆಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಆಮೇಲೆ ಅಜ್ಜಿ ಎರಡೂ ಕೈಯಿಂದ ತಮ್ಮ ಗಲ್ಲ ಗಲ್ಲ ಬಡಿದುಕೊಂಡರು. ಮತ್ತೊಮ್ಮೆ, ಇನ್ನೂ ಜೋರಾಗಿ.

ತಪ್ಪು ಮಾಡಿದವರು ದೇವರ ಮುಂದೆ ಹಾಗೆ ಮಾಡುತ್ತಾರೆ ಎಂದು ಚಿತ್ರಾಗೆ ಗೊತ್ತಿತ್ತು. ಅವಳ ಕೈ ತಾನಾಗಿಯೇ ತನ್ನ ಕೆನ್ನೆಗೆ ಹೋಯಿತು. ಕೆನ್ನೆ ಸುಡುತ್ತಿತ್ತು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದರು. ಚಿತ್ರಾ ಬಗ್ಗಿ, ಅವರ ಚಪ್ಪಲಿಯನ್ನು ಕಾಲಿಗೆ ಸಿಗುವ ಹಾಗೆ ತಿರುಗಿಸಿಟ್ಟಳು.

ಇಳಿಯುವಾಗ ಅಜ್ಜಿಗೆ ಮಂಡಿ ಇನ್ನೂ ಹೆಚ್ಚು ನೋಯುತ್ತಿತ್ತು. ಸ್ವಲ್ಪ ದೂರ ಗೋಡೆ ಹಿಡಿದುಕೊಂಡು ಇಳಿದರು. ಗೋಡೆ ಮುಗಿದ ಕಡೆ ನಿಂತರು. ಆಮೇಲೆ ಚಿತ್ರಾಳ ಹೆಗಲ ಮೇಲೆ ಕೈ ಊರಿದರು.

ಕೈ ಭಾರವಾಗಿತ್ತು. ಚಿತ್ರಾ ಹೆಗಲನ್ನು ಅಲುಗಿಸದೆ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದಳು.