ಬಯಲಾದ ಗೂಡು

ಕೆರೆಯ ಜೊಂಡನ್ನು ಯಾರೋ ಕತ್ತರಿಸಿದರು. ಗುಳುಮುಳುಕ ಹಕ್ಕಿಯ ಗೂಡು ಬಯಲಾಯಿತು. ಅದರ ಮೂರು ಮರಿಗಳನ್ನೂ ಹದ್ದು ಎತ್ತಿಕೊಂಡು ಹೋಯಿತು. ಛಾಯಾಗ್ರಾಹಕರ ಸಂಘದವರು ತಮ್ಮನ್ನು ಕೆರೆಯಲ್ಲಿ ಸುತ್ತಿಸುವ ದೋಣಿಯಾಕೆಯನ್ನು ಕೆಲಸದಿಂದ ತೆಗೆದರು.

ಆಕೆ ನೇರವಾಗಿ ನಮ್ಮ ಮನೆಗೆ ಬಂದಳು. ನನ್ನ ಅತ್ತಿಗೆ ಭೂಮಾಪನ ಕಚೇರಿಯಿಂದ ನಿವೃತ್ತರಾದಾಗಿನಿಂದ ಊರಿನ ಕಳವು, ಕಿತ್ತಾಟಗಳೆಲ್ಲ ನಮ್ಮ ಜಗಲಿಗೇ ಬಂದು ಬೀಳುತ್ತಿದ್ದವು.

"ಕುಡುಗೋಲು ನನ್ನ ದೋಣೀಲಿತ್ತು ಅಕ್ಕಾ. ಅಷ್ಟಕ್ಕೇ ನಾನೇ ಕುಯ್ದೆ ಅಂತೆ! ಚಾಪೆಗೆ ಜೊಂಡು ಬೇಕು ಅಂತ ಅದು ಯಾವಾಗ್ಲೂ ಅಲ್ಲೇ ಬಿದ್ದಿರುತ್ತೆ. ಯಾರು ಬೇಕಾದ್ರೂ ತಗೋಬಹುದು."

"ಗೂಡಿನ ಹತ್ತಿರ ಯಾವತ್ತಾದ್ರೂ ಕುಯ್ದಿದ್ಯಾ?" ಎಂದು ಅತ್ತಿಗೆ ಕೇಳಿದರು.

"ಮರಿಗಳನ್ನ ಬೆನ್ನ ಮೇಲೆ ಹತ್ತಿಸ್ಕೊಂಡು ತಿರುಗೋ ಹಕ್ಕಿ ಅದು. ಅದರ ಮನೆ ಬಾಗಿಲು ಕೀಳೋಕೆ ನಂಗೇನು ಹುಚ್ಚಾ? ಕೆಲಸ ಹೋದ್ರೆ ಒಲೆ ಆರುತ್ತೆ, ನಿಜ. ಆದ್ರೆ ಮರಿ ಕೊಂದವಳು ಅಂತ ಹೆಸರು ಹೊತ್ಕೊಂಡು ಹೇಗೆ ಬದುಕ್ಲಿ?"

"ಬಾರೇ," ಎಂದು ಅತ್ತಿಗೆ ನನ್ನನ್ನು ಎಬ್ಬಿಸಿದರು.

ದಡದಲ್ಲಿ ಸಂಘದ ಹಲಗೆಯ ಕೋಣೆಯಿದೆ, ಹಕ್ಕಿಗಳಿಗೆ ಕಾಣದಂತೆ ಒಳಗಿದ್ದು ಫೋಟೋ ತೆಗೆಯಲು. ಬೀಗದ ಕೈ ತಂದವನು ಕಾರ್ಯದರ್ಶಿ, ಅಧ್ಯಕ್ಷರ ಅಳಿಯ. ಮುಂಗೈ ತುಂಬ ಗೀರುಗಳು.

"ಏನಪ್ಪಾ ಇದು?" ಎಂದೆ.

"ಹೊಸ ಬೆಕ್ಕು ಸಾಕಿದ್ದೀವಿ."

ಕೋಣೆಗೆ ಎರಡು ಕಿಂಡಿಗಳು. ಕೆಳಗಿನದು ಹೆಚ್ಚುಕಡಿಮೆ ನೀರಿನ ಮಟ್ಟದಲ್ಲಿ. ಅಲ್ಲಿ ಬೋರಲು ಮಲಗಿ ಫೋಟೋ ತೆಗೆಯುವವರು ಸಂಘದ ಸದಸ್ಯರಾದ ಡಾಕ್ಟರು. ಮೇಲಿನದರ ಹಿಂದೆ ಎತ್ತರದ ಸ್ಟೂಲು. ಅಧ್ಯಕ್ಷರ ಮಂಡಿ ಮಡಚುವುದಿಲ್ಲ, ಹಾಗಾಗಿ ಅದು ಅವರ ಸಿಂಹಾಸನ. ಬೇರೆಯವರು ಹತ್ತಿದರೆ ರಂಪ.

ನಾವು ನೀರಿಗಿಳಿದೆವು. ಗೂಡಿನ ಹತ್ತಿರ ಜೊಂಡನ್ನು ಬುಡದವರೆಗೆ ಕುಯ್ದಿದ್ದರು. ದಡದತ್ತ ಬಂದಂತೆ ಮೋಟುಗಳು ಎತ್ತರವಾಗುತ್ತ ಸೊಂಟ ಮುಟ್ಟಿದವು. ಕುಯ್ದ ಜಾಗ ಗೂಡಿನ ಬಳಿ ಅಗಲ, ದಡದ ಬಳಿ ಕಿರಿದು. ಗೂಡಿನ ಹಿಂದಿನ ಒತ್ತಾದ ಹಸಿರು ಜೊಂಡನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

"ಕ್ಷೌರ ಅರ್ಧಕ್ಕೇ ಬಿಟ್ಟ ಹಾಗಿದೆ."

"ಅರ್ಧ ಅಲ್ಲ ಕಣೇ, ಪೂರ್ತಿ ಆಗಿದೆ. ದಾರ ಕೊಡು."

ಗೂಡಿಗೆ ಒಂದು ತುದಿ ಕಟ್ಟಿ, ಮೋಟುಗಳ ತಲೆ ಸವರುವಂತೆ ದಾರವನ್ನು ಕೋಣೆಯವರೆಗೆ ಬಿಗಿಯಾಗಿ ಎಳೆದರು. ಅದು ಮುಟ್ಟಿದ ಜಾಗ ನೋಡಿ, ದಾರ ಸುತ್ತಿಟ್ಟುಕೊಂಡರು.

ಸಂಜೆ ಸಂಘದ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. ಗೋಡೆಯ ಮೇಲೆ ಅಧ್ಯಕ್ಷರು ಸ್ಪರ್ಧೆಗೆ ಕಳಿಸಲಿದ್ದ ಹೊಸ ಫೋಟೋ: ಹಸಿರು ಜೊಂಡಿನ ಮುಂದೆ, ತಾಯಿಯ ರೆಕ್ಕೆಯ ಸಂದಿಯಿಂದ ಇಣುಕುವ ಮೂರು ತಲೆಗಳು. ದೋಣಿಯಾಕೆಗೆ ಯಾರೂ ಕುರ್ಚಿ ಕೊಡಲಿಲ್ಲ, ಬಾಗಿಲಲ್ಲೇ ನಿಂತಳು.

"ಚಾಪೆಗೆ ಕುಯ್ಯೋರು ಒತ್ತಾದ ಜೊಂಡನ್ನೇ ಮೊದಲು ಕುಯ್ತಾರೆ," ಎಂದು ಅತ್ತಿಗೆ ಶುರು ಮಾಡಿದರು. "ಇಲ್ಲಿ ಅದನ್ನೇ ಬಿಟ್ಟಿದ್ದಾರೆ. ಯಾಕೆ? ಹಕ್ಕಿಯ ಹಿಂದೆ ಹಸಿರು ಬೇಕಿತ್ತು. ಗೋಡೆ ಮೇಲೇ ಇದೆ, ನೋಡಿ."

"ಅವಳು ಕುಯ್ದ ಮೇಲೆ ಅದೃಷ್ಟಕ್ಕೆ ಸಿಕ್ಕ ಫೋಟೋ ಅದು," ಎಂದರು ಅಧ್ಯಕ್ಷರು.

"ಅದೃಷ್ಟ ಅಳತೆ ಹಿಡಿದು ಕುಯ್ಯಲ್ಲ ಸ್ವಾಮಿ. ದೋಣಿಯಿಂದ ಕುಯ್ದಿದ್ರೆ ಮೋಟುಗಳೆಲ್ಲ ಒಂದೇ ಎತ್ತರ ಇರ್ತಿದ್ವು. ಇಲ್ಲಿ ದಡದ ಕಡೆ ಏರ್ತಾ ಬಂದಿವೆ. ಕೆಳಗಿನ ಕಿಂಡಿಗೆ ಅವೇ ಅಡ್ಡ."

"ಹೌದ್ರೀ, ನಂಗೆ ಗೂಡು ಕಾಣ್ಲೇ ಇಲ್ಲ!" ಎಂದರು ಡಾಕ್ಟರು.

"ಮೋಟುಗಳ ಮೇಲೆ ನಾನು ಎಳೆದ ದಾರ ನೇರ ಸ್ಟೂಲಿನ ಕಿಂಡಿಗೆ ಹೋಗಿ ನಿಂತಿತು."

"ಈ ಮಂಡಿ ಇಟ್ಕೊಂಡು ನಾನು ನೀರಿಗಿಳೀತೀನಾ?"

"ಇಳಿಯಲ್ಲ. ನೀರಲ್ಲಿ ನಿಂತವರಿಗೆ ಅಷ್ಟು ಲೆಕ್ಕ ಸಿಗೋದೂ ಇಲ್ಲ. ಒಬ್ಬರು ಕ್ಯಾಮೆರಾಕ್ಕೆ ಕಣ್ಣಿಟ್ಟು 'ಇನ್ನೂ ಚೂರು' ಅನ್ನಬೇಕು, ಇನ್ನೊಬ್ಬರು ಕುಯ್ಯಬೇಕು." ಅತ್ತಿಗೆ ತೋಳು ಚಾಚಿದರು. ಜೊಂಡಿನ ಅಲಗು ಗೀಚಿದ ಕೆಂಪು ಗೀರುಗಳು. "ಕಾರ್ಯದರ್ಶಿಗಳೇ, ನಿಮ್ಮ ಬೆಕ್ಕು ನನ್ನನ್ನೂ ಪರಚಿದೆ."

ಅಳಿಯ ತಲೆ ತಗ್ಗಿಸಿದ. "ಮಾವ ಕಿಂಡಿಯಿಂದ ಕೈ ತೋರಿಸ್ತಿದ್ರು. ಅವಳ ಕುಡುಗೋಲೇ ತಗೋ ಅಂದ್ರು. ಹದ್ದು ಎರಗಿದಾಗ ನಾನು ಕೂಗಿ ಓಡಿಸೋಕೆ ಹೋದೆ. 'ಸುಮ್ನಿರು, ಫೋಟೋ ಕೆಡುತ್ತೆ' ಅಂದ್ರು."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಇಂಥವರಿಗೆ ನಾಚಿಕೆಗಿಂತ ಮೊದಲು ಗಂಟಲು ಸರಿಯಾಗುತ್ತದೆ.

"ಆಯ್ತಮ್ಮಾ, ಕೆಲಸಕ್ಕೆ ಬಾ. ಮಾತು ಇಲ್ಲಿಗೇ ಬಿಡೋಣ. ಆಚೆ ದಡದಲ್ಲಿ ಇನ್ನೊಂದು ಗೂಡಿದೆಯಂತೆ. ನಾಳೆ ಅತಿಥಿಗಳು ಬರ್ತಾರೆ, ಅವರನ್ನ ಹತ್ತಿರಕ್ಕೆ ಕರ್ಕೊಂಡು ಹೋಗು."

ದೋಣಿಯಾಕೆ ಒಳಗೆ ಬಂದು, ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಅವರೆದುರೇ ಕೂತಳು.

"ನಾನು ಕುಯ್ದಿಲ್ಲ ಅಂತ ಮೊದಲು ನಿಮ್ಮ ಬಾಯಲ್ಲೇ ಹೇಳಿ."

"ಕೆಲಸ ವಾಪಸ್ ಕೊಟ್ನಲ್ಲ, ಇನ್ನೇನು? ಬೆಳಿಗ್ಗೆ ದೋಣಿ ತಗೊಂಡು ಬಾ."

"ತರಲ್ಲ."

"ಹೇಳಿದಷ್ಟು ಮಾಡು!"

"ನೀವು ಹೇಳಿದಷ್ಟು ಮಾಡಿದವರು ಅಲ್ಲಿ ತಲೆ ತಗ್ಗಿಸಿ ನಿಂತಿದ್ದಾರೆ. ನಾನು ಆ ಗೂಡಿನ ಹತ್ತಿರ ಯಾರನ್ನೂ ಕರ್ಕೊಂಡು ಹೋಗಲ್ಲ. ಹೋಗಲ್ಲ ಅಂದ್ರೆ ಹೋಗಲ್ಲ."