ಮಯೊಂಬೆ ಹುಡುಗನ ಮಾತು

"ಎರಡು ರೊಟ್ಟಿ ಕೊಡವಾ... ಭಾಳ ಹಸದೇನಿ!"

ಲುವೋಜಿ ಸಂತೆಯಲ್ಲಿ ಮರಗೆಣಸಿನ ರೊಟ್ಟಿ ಮಾರುತ್ತಿದ್ದ ನ್ಲಾಂಡು ತಲೆಯೆತ್ತಿದಳು. ಎದುರಿಗೆ ಬೆವರಿ ನಿಂತಿದ್ದ ಅಪರಿಚಿತ ಹುಡುಗ, ಮವುಂಗು. ಅಬ್ಬಾ, ಎಂಥ ಕಣ್ಣು! ಆದರೆ ಆ ಮಾತು? ತಮ್ಮ ಕಿಕೊಂಗೋ ಭಾಷೆಯೇ ಹೌದು, ಆದರೆ ಪಡುವಣ ಮಯೊಂಬೆ ಕಾಡಿನ ಕಡೆಯದು.

"ಅಯ್ಯೋ, ಇನ್ನೊಂದ್ಸಲ ಹೇಳಿ!" ಅವಳು ನಕ್ಕಳು. ಸಂತೆಯ ಹೆಂಗಸರೆಲ್ಲ ನಕ್ಕರು. ಅವನ ಮುಖ ಸಣ್ಣದಾಯಿತು.

ಆದರೂ ಅವನು ಮತ್ತೆ ಬಂದ, ಬರುತ್ತಲೇ ಇದ್ದ. ಪ್ರೀತಿಯೂ ಹುಟ್ಟಿತು. ಅವಳೊಂದಿಗೆ ಮಾತ್ರ ಅವನು ಪೇಟೆಯ ಲಿಂಗಾಲ ಭಾಷೆಯನ್ನೇ ಆಡುತ್ತಿದ್ದ.

ಒಮ್ಮೆ ಅವನು ತಂಗಿಯ ಜೊತೆ ತನ್ನ ಮಾತಿನಲ್ಲಿ ಹರಟುವುದನ್ನು ಕಂಡು ನ್ಲಾಂಡು ಮುಖ ತಿರುಗಿಸಿದಳು.

'ಮನೆಯವರಿಗೆ ಮನೆಮಾತು, ನನಗೆ ಪೇಟೆಮಾತು... ಹಾಗಾದರೆ ನಾನು ಹೊರಗಿನವಳೇ?'

ಮದುವೆ ಮಾತುಕತೆಯ ದಿನ ಬಂತು. ಎರಡೂ ಕಡೆಯ ಮಾತುಗಾರರು ಚಪ್ಪಾಳೆ ತಟ್ಟಿ, ಹಾಡಿ, ವಾದಿಸಿದರು. ಪದ್ಧತಿಯಂತೆ ಮವುಂಗು ತಲೆತಗ್ಗಿಸಿ ಬಾಯಿಮುಚ್ಚಿ ಕೂತಿದ್ದ. ನ್ಲಾಂಡುವಿನ ಸೋದರಮಾವ ಗಂಡಿನ ಕಡೆಯವರು ತಂದ ಕಳ್ಳನ್ನು ಬಟ್ಟಲಿಗೆ ಸುರಿದು ಅವಳ ಕೈಗಿಟ್ಟ.

"ನೀನು ಗುಟುಕರಿಸಿ ಕೊಟ್ರೆ ನಾನೂ ಕುಡೀತೀನಿ ಕಂದ. ಬೇಡ ಅಂದ್ರೆ ಇವ್ರು ಕೊಡ ಹೊತ್ಕೊಂಡು ವಾಪಸ್ ಹೋಗ್ಲಿ."

ಬಟ್ಟಲು ಅವಳ ತುಟಿಯವರೆಗೂ ಹೋಗಲಿಲ್ಲ. ಕಣ್ಣು ತುಂಬಿತು.

"ಮಾವ, ಅವರೇ ಕೇಳ್ಲಿ... ಅವರಮ್ಮನ ಮಾತಲ್ಲಿ. ಇಲ್ದಿದ್ರೆ ಕುಡಿಯಲ್ಲ!"

"ಮದುಮಗನೇ ಮಾತಾಡೂದಾದ್ರ ನಾ ಯಾಕ ಬರಬೇಕಿತ್ತು?" ಗಂಡಿನ ಕಡೆಯ ಮಾತುಗಾರ ಸಿಡುಕಿದ.

"ಪದ್ಧತಿ ಮುರಿದದ್ದಕ್ಕೆ ಒಂದು ಮೇಕೆ ದಂಡ," ಎಂದ ಸೋದರಮಾವ. "ಏಳಪ್ಪಾ, ಮಾತಾಡು!"

ಮವುಂಗು ಎದ್ದ. ಅವಳತ್ತ ತಿರುಗಿದ.

"ಅವತ್ತ ನೀ ನಕ್ಕಿ, ನ್ಲಾಂಡು... ಗಮಾರ ಅಂತೀ ಅಂತ ಅಂಜಿದೆ. ಲಿಂಗಾಲದಾಗ ಮರ್ಯಾದಿ ಉಳೀತದ ಅನ್ಕೊಂಡೆ. ಆದ್ರ ನನ್ನ ಎದಿಯಾಗಿನ ಮಾತು ಅದರಾಗ ಬರೂದೇ ಇಲ್ಲ... ನೀ ಇಲ್ದ ನನಗ ಆಗೂದಿಲ್ಲ!"

ಇಷ್ಟೇನಾ?! ಇಷ್ಟಕ್ಕೇ ತಾನು ಇಷ್ಟೊಂದು ಅತ್ತದ್ದು! ಅವಳ ಎದೆಯ ಭಾರವೆಲ್ಲ ಇಳಿದುಹೋಯಿತು.

"ತಪ್ಪಾಯ್ತು... ಚೆಂದ ಇತ್ತು ಅಂತ್ಲೇ ನಕ್ಕಿದ್ದು ಕಣ್ರೀ!"

ದೊಡ್ಡದೊಂದು ಗುಟುಕು ಕುಡಿದು ಬಟ್ಟಲನ್ನು ಮಾವನಿಗೆ ಕೊಟ್ಟಳು. ಅವನು ಒಂದೇ ಉಸಿರಿಗೆ ಖಾಲಿ ಮಾಡಿದ. ಹೆಂಗಸರು ಕೇಕೆ ಹಾಕಿದರು.

ಆ ಗದ್ದಲದಲ್ಲಿ ಮವುಂಗು ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ನಮ್ಮ ಮಕ್ಕಳು ಯಾರ ಹಂಗ ಮಾತಾಡ್ತಾವ?"

"ನಮ್ಮಲ್ಲಿ ಮಕ್ಕಳು ಅಮ್ಮನ ಕುಲದವು. ನಮ್ಮ ಹಾಗೇ! ಮಾವ ಬಿಡ್ತಾನಾ?"

"ಮತ್ತ... ನಾ?"

ಅವಳು ಯಾರಿಗೂ ಕಾಣದಂತೆ ಅವನ ಕಿರುಬೆರಳು ಹಿಡಿದಳು.

"ನೀನು ನನ್ನ ಹತ್ರ ಹೀಗೇ ಮಾತಾಡು... ಮುದುಕ ಆಗೋವರೆಗೂ."